ರಟ್ಟಿನ ಪಟ್ಟಿ, ಮೂರು ಕ್ಲಿಪ್: ಭಿನ್ನರಾಶಿಗೊಂದು ಆಟ ಕಟ್ಟಿದ ದಿನಚರಿ

ಮೇಜಿನ ತುಂಬಾ ರಟ್ಟಿನ ಚೂರು, ಅಂಟಿನ ಕಲೆ. ಮಧ್ಯದಲ್ಲಿ 60 ಸೆಂಟಿಮೀಟರ್ ಉದ್ದದ ಒಂದು ಪಟ್ಟಿ. ಆರು ವಾರದ ಕೆಲಸ ಇದು. 3/5 ಅಂದರೆ ಎಷ್ಟು ದೊಡ್ಡದು, 1/6 ಅಂದರೆ ಎಷ್ಟು ಚಿಕ್ಕದು ಅನ್ನುವುದು ಒಂಬತ್ತು-ಹತ್ತು ವರ್ಷದ ಮಕ್ಕಳ ಕೈಗೆ ಹತ್ತಬೇಕು. ಅದಕ್ಕೊಂದು ಆಟ ಬೇಕು. ಲೆಕ್ಕ ಮಾಡಿಸುವ ಆಟ ಅಲ್ಲ, ಅಂದಾಜು ಬೆಳೆಸುವ ಆಟ.

ಭಿನ್ನರಾಶಿಯೇ ಯಾಕೆ ಅಂತ ಮೊದಲು ಹೇಳಿಬಿಡುತ್ತೇನೆ. 1/2ಕ್ಕೆ 1/3 ಕೂಡಿಸು ಅಂದರೆ ಎಷ್ಟೋ ಮಕ್ಕಳು 2/5 ಅಂತ ಬರೆಯುತ್ತಾರೆ. ಅರ್ಧಕ್ಕೆ ಇನ್ನೊಂದಿಷ್ಟು ಸೇರಿಸಿದ ಮೇಲೆ ಉತ್ತರ ಅರ್ಧಕ್ಕಿಂತ ಕಡಿಮೆ ಹೇಗಾಯಿತು ಅಂತ ಅವರಿಗೆ ಅನುಮಾನವೇ ಬರುವುದಿಲ್ಲ. 1978ರಲ್ಲಿ ಅಮೆರಿಕದ ರಾಷ್ಟ್ರಮಟ್ಟದ ಪರೀಕ್ಷೆಯೊಂದರಲ್ಲಿ 13 ವರ್ಷದವರಿಗೆ ಒಂದು ಪ್ರಶ್ನೆ ಇತ್ತು: 12/13 ಮತ್ತು 7/8 ಕೂಡಿದರೆ ಸುಮಾರು ಎಷ್ಟು? ಆಯ್ಕೆಗಳು 1, 2, 19, 21. ಎರಡು ಸಂಖ್ಯೆಯೂ ಒಂದರ ಹತ್ತಿರವೇ ಇವೆ. ಆದ್ದರಿಂದ ಉತ್ತರ 2. ಸರಿಯಾಗಿ ಹೇಳಿದವರು 24% ಮಾತ್ರ. ಅರ್ಧಕ್ಕಿಂತ ಜಾಸ್ತಿ ಮಕ್ಕಳು 19 ಅಥವಾ 21 ಆರಿಸಿದ್ದರು. ಅವರು ಮೇಲಿನ ಅಂಕಿಗಳನ್ನೋ ಕೆಳಗಿನ ಅಂಕಿಗಳನ್ನೋ ಸುಮ್ನೆ ಕೂಡಿಸಿದ್ದರು. 12/13 ಅವರಿಗೆ ಒಂದು ಸಂಖ್ಯೆಯಾಗಿ ಕಂಡೇ ಇರಲಿಲ್ಲ, ಗೆರೆಯ ಮೇಲೊಂದು ಕೆಳಗೊಂದು ಇರುವ ಎರಡು ಸಂಖ್ಯೆಯಾಗಿ ಕಂಡಿತ್ತು. ನನ್ನ ಆಟ ಈ ಒಂದು ಗಂಟನ್ನು ಬಿಡಿಸಿದರೆ ಸಾಕು.

ಆಡಿ ನೋಡುವುದಕ್ಕೆ ಗೆಳೆಯರ ಮಕ್ಕಳು ಮೂವರು ವಾರಕ್ಕೆ ಎರಡು ಸಲ ಬರುತ್ತಿದ್ದರು. ಚಿಕ್ಕವಳಿಗೆ ಒಂಬತ್ತು, ನಡುವಿನವಳಿಗೆ ಹತ್ತು, ದೊಡ್ಡವನಿಗೆ ಹನ್ನೊಂದು. ಆಟ ನಡೆಯುವಾಗ ನಾನು ಬಾಯಿ ಬಿಡಬಾರದು, ಮಕ್ಕಳ ಕೈ ಏನು ಮಾಡಿತು, ಬಾಯಿ ಏನು ಹೇಳಿತು ಅಂತ ಮಾತ್ರ ಬರೆದುಕೊಳ್ಳಬೇಕು ಅಂತ ನಿಯಮ ಮಾಡಿಕೊಂಡೆ.

ಮೊದಲ ಹಾಸು

ಮೊದಲು ಮಾಡಿದ್ದು ಹಾವು ಏಣಿಯ ಹಾಸು. ಜೊತೆಗೆ 40 ಪ್ರಶ್ನೆ ಕಾರ್ಡ್. ದಾಳ ಹಾಕುವ ಮೊದಲು ಒಂದು ಕಾರ್ಡ್ ತೆಗೆದು ಉತ್ತರ ಹೇಳಬೇಕು. ಸರಿ ಹೇಳಿದರೆ ದಾಳ, ತಪ್ಪಿದರೆ ಸರದಿ ಹೋಯಿತು. ಕಾರ್ಡ್ ಕತ್ತರಿಸುವುದಕ್ಕೇ ಒಂದು ಸಂಜೆ ಹಿಡಿಯಿತು.

ಎರಡನೇ ಸುತ್ತು ಮುಗಿಯುವ ಹೊತ್ತಿಗೆ ದೊಡ್ಡವನು ಕೇಳಿದ: "ಪ್ರಶ್ನೆ ಬಿಟ್ಟು ಆಡೋಣ್ವಾ?" ಬಿಟ್ಟು ಆಡಿದರು. ಆಟಕ್ಕೆ ಏನೂ ಆಗಲಿಲ್ಲ, ಇನ್ನೂ ಚೆನ್ನಾಗಿ ನಡೆಯಿತು. ನನ್ನ ಕಾರ್ಡುಗಳು ಆಟದ ಬಾಗಿಲಲ್ಲಿ ನಿಂತು ಸುಂಕ ಕೇಳುತ್ತಿದ್ದವು, ಅಷ್ಟೇ. ಅಂದಿನಿಂದ ಯಾವ ಕಲಿಕೆಯ ಆಟ ಕಂಡರೂ ನಾನು ಮಾಡುವ ಮೊದಲ ಪರೀಕ್ಷೆ ಇದು. ಪಾಠವನ್ನು ಎತ್ತಿ ಪಕ್ಕಕ್ಕಿಡಿ. ಆಟ ಹಾಗೇ ಓಡಿದರೆ ಪಾಠ ಅದರೊಳಗೆ ಇರಲೇ ಇಲ್ಲ ಅಂತ ಅರ್ಥ.

ಇದನ್ನು ಸಂಶೋಧಕರಾದ ಜೇಕಬ್ ಹ್ಯಾಬ್‌ಗುಡ್ ಮತ್ತು ಶಾರನ್ ಏನ್ಸ್‌ವರ್ತ್ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಚೆನ್ನಾಗಿ ತೋರಿಸಿದ್ದಾರೆ. ಅವರು ಭಾಗಾಕಾರ ಕಲಿಸುವ ಒಂದೇ ಕಂಪ್ಯೂಟರ್ ಆಟವನ್ನು ಎರಡು ಬಗೆಯಲ್ಲಿ ಕಟ್ಟಿದರು. ಒಂದರಲ್ಲಿ ಎದುರಾಳಿ ಅಸ್ಥಿಪಂಜರದ ಎದೆಯ ಮೇಲೆ ಸಂಖ್ಯೆ ಇರುತ್ತದೆ. ಆ ಸಂಖ್ಯೆಯನ್ನು ಶೇಷವಿಲ್ಲದೆ ಭಾಗಿಸುವ ಅಂಕಿಯ ಆಯುಧದಿಂದ ಹೊಡೆದರೆ ಮಾತ್ರ ಅದು ಬೀಳುತ್ತದೆ. ಇನ್ನೊಂದರಲ್ಲಿ ಹೊಡೆದಾಟಕ್ಕೂ ಗಣಿತಕ್ಕೂ ಸಂಬಂಧವಿಲ್ಲ. ಅದೇ ಲೆಕ್ಕಗಳು ಒಂದು ಹಂತ ಮುಗಿದ ಮೇಲೆ ಪ್ರಶ್ನೆಗಳಾಗಿ ಬರುತ್ತವೆ. ಎರಡು ಬಗೆಯನ್ನು ಆಡಿದ ಮಕ್ಕಳಿಗೂ ಒಂದೇ ಹೊತ್ತು ಕೊಟ್ಟಾಗ ಮೊದಲನೆಯದನ್ನು ಆಡಿದವರು ಜಾಸ್ತಿ ಕಲಿತರು. ಯಾವುದು ಬೇಕೋ ಅದನ್ನು ಆಡಿ ಅಂತ ಬಿಟ್ಟಾಗ ಮಕ್ಕಳು ಮೊದಲನೆಯದಕ್ಕೆ ಏಳು ಪಟ್ಟು ಹೆಚ್ಚು ಸಮಯ ಕೊಟ್ಟರು. ಅಂದರೆ ಗಣಿತ ಒಳಗೆ ಬಂದರೆ ಮೋಜು ಕೆಡುತ್ತದೆ ಅನ್ನುವುದು ನಿಜವಲ್ಲ. ಗಣಿತವನ್ನು ತಪ್ಪು ಜಾಗದಲ್ಲಿ ನಿಲ್ಲಿಸಿದಾಗ ಕೆಡುತ್ತದೆ.

ಹಾಸು ಅಟ್ಟಕ್ಕೆ ಹೋಯಿತು. 40 ಕಾರ್ಡುಗಳ ಹಿಂಬದಿ ಮುಂದೆ ಉಪಯೋಗಕ್ಕೆ ಬಂತು.

ಪಟ್ಟಿ

ಭಿನ್ನರಾಶಿ ಒಂದೇ ಸಂಖ್ಯೆಯಾಗಿ ಕಾಣಬೇಕಾದರೆ ಅದಕ್ಕೊಂದು ಜಾಗ ಬೇಕು. ಸಂಖ್ಯಾರೇಖೆಯ ಮೇಲೆ ಅದು ಸಿಗುತ್ತದೆ. ಮನಶ್ಶಾಸ್ತ್ರಜ್ಞರಾದ ಗೀತಾ ರಮಣಿ ಮತ್ತು ರಾಬರ್ಟ್ ಸೀಗ್ಲರ್ 2008ರಲ್ಲಿ ಇನ್ನೂ ಶಾಲೆಗೆ ಸೇರದ ಪುಟ್ಟ ಮಕ್ಕಳಿಗೆ ತೀರಾ ಸರಳವಾದ ಆಟವೊಂದನ್ನು ಆಡಿಸಿದ್ದರು. ಉದ್ದಕ್ಕೆ ಹತ್ತು ಮನೆ, 1ರಿಂದ 10. ಒಂದು ಸಲಕ್ಕೆ ಒಂದೋ ಎರಡೋ ಹೆಜ್ಜೆ. ಎರಡು ವಾರದೊಳಗೆ 15-20 ನಿಮಿಷದ ನಾಲ್ಕು ಸರದಿ. ಅಷ್ಟಕ್ಕೇ ಮಕ್ಕಳ ಸಂಖ್ಯೆಯ ಅಂದಾಜು ಸುಧಾರಿಸಿತು. ಒಂಬತ್ತು ವಾರದ ನಂತರವೂ ಅದು ಉಳಿದಿತ್ತು. ಅಂಥದ್ದೇ ಹಾಸಿನಲ್ಲಿ ಸಂಖ್ಯೆಯ ಬದಲು ಬಣ್ಣ ಇಟ್ಟು ಆಡಿದವರಿಗೆ ಆ ಲಾಭ ಸಿಗಲಿಲ್ಲ. ಮರುವರ್ಷ ಅವರು ಮನೆಗಳನ್ನು ವೃತ್ತಾಕಾರದಲ್ಲಿ ಜೋಡಿಸಿಯೂ ನೋಡಿದರು. ನೇರ ಹಾಸಿನಷ್ಟು ಫಲ ಬರಲಿಲ್ಲ. ಇದು ನನ್ನನ್ನು ತುಂಬಾ ಹಿಡಿದ ವಿಷಯ. ಹಾಸಿನ ಆಕಾರ ಅಲಂಕಾರಕ್ಕಲ್ಲ, ಮಗು ಸಂಖ್ಯೆಯನ್ನು ಮನಸ್ಸಿನಲ್ಲಿ ಹೇಗೆ ಇಟ್ಟುಕೊಳ್ಳುತ್ತದೆ ಅನ್ನುವುದನ್ನು ಅದು ತಿದ್ದುತ್ತದೆ.

ಹಾಗಾಗಿ ನೇರ ಪಟ್ಟಿ. ಎಡತುದಿ 0, ಬಲತುದಿ 1. ಉದ್ದ 60 ಸೆಂಟಿಮೀಟರ್, ಯಾಕೆಂದರೆ 60 ಒಳ್ಳೆಯ ಸಂಖ್ಯೆ. ಅರ್ಧ 30ಕ್ಕೆ, 1/3 20ಕ್ಕೆ, 1/4 15ಕ್ಕೆ, 1/5 12ಕ್ಕೆ, 1/6 10ಕ್ಕೆ, 1/10 6ಕ್ಕೆ, 1/12 5ಕ್ಕೆ ಬರುತ್ತದೆ. ಎಲ್ಲವೂ ಪೂರ್ತಿ ಸೆಂಟಿಮೀಟರ್. ಈ ಏಳು ಛೇದಗಳಿಗೆ ಒಂದಕ್ಕಿಂತ ಚಿಕ್ಕ ಭಿನ್ನರಾಶಿಗಳೆಲ್ಲ ಸೇರಿ 35. ಹಳೆಯ ಕಾರ್ಡುಗಳ ಖಾಲಿ ಬೆನ್ನಿನ ಮೇಲೆ ಅವನ್ನು ಬರೆದೆ.

ಪಟ್ಟಿಯ ಮುಂಬದಿ ಖಾಲಿ, ತುದಿಯಲ್ಲಿ 0 ಮತ್ತು 1 ಮಾತ್ರ. ಹಿಂಬದಿಯಲ್ಲಿ ಎಲ್ಲ ಗೆರೆಗಳೂ ಇವೆ, ಒಂದೊಂದು ಛೇದಕ್ಕೆ ಒಂದೊಂದು ಬಣ್ಣದ ಸಾಲು. ಕಾರ್ಡ್ ಎತ್ತಿ, ಖಾಲಿ ಬದಿಯನ್ನು ನೋಡಿಕೊಂಡು, ಮೇಲಂಚಿಗೆ ಬಟ್ಟೆ ಕ್ಲಿಪ್ ಸಿಕ್ಕಿಸಬೇಕು. ಎಲ್ಲರೂ ಸಿಕ್ಕಿಸಿದ ಮೇಲೆ ಪಟ್ಟಿ ತಿರುಗಿಸಿ ನೋಡುವುದು. ಹತ್ತಿರ ಇದ್ದವರಿಗೆ ಕಾರ್ಡ್. ಮೊದಲು ಐದು ಕಾರ್ಡ್ ಗೆದ್ದವರು ಗೆದ್ದಂತೆ. ಇಷ್ಟೇ ಆಟ. ಇದರಿಂದ ಭಿನ್ನರಾಶಿ ತೆಗೆದರೆ ಉಳಿಯುವುದು ರಟ್ಟು, ಕ್ಲಿಪ್ಪು.

ಕಟ್ಟುವಾಗ ಎರಡು ತೊಂದರೆ. ಒಂದು, ಪೆಟ್ಟಿಗೆಯ ಸುಕ್ಕು ರಟ್ಟನ್ನು ಅಡ್ಡ ಕತ್ತರಿಸಿದ್ದೆ. ಒಳಗಿನ ಕೊಳವೆಗಳು ಪಟ್ಟಿಗೆ ಅಡ್ಡವಾಗಿ ಬಂದವು. ಮೂರು ಕ್ಲಿಪ್ ಹಾಕುವ ಹೊತ್ತಿಗೆ ಪಟ್ಟಿ ನಡುವಿಗೆ ಬಾಗಿತು. ಎರಡು ಪದರ ಅಂಟಿಸಿದೆ. ಆಗ ದಪ್ಪ ಹೆಚ್ಚಾಗಿ ಕ್ಲಿಪ್ ಜಾರಿತು. ಕೊನೆಗೆ ಕೊಳವೆಗಳು ಉದ್ದಕ್ಕೆ ಓಡುವ ಹಾಗೆ ಒಂದೇ ಪದರ ಕತ್ತರಿಸಿ, ಒಂದು ಕೊಳವೆಯೊಳಗೆ ಎರಡು ತುದಿಯಿಂದಲೂ ತೆಳುವಾದ ಬಿದಿರು ಕಡ್ಡಿ ತೂರಿಸಿದೆ. ಗಟ್ಟಿಯಾಗಿ ನಿಂತಿತು. ಎರಡನೆಯದು ಕ್ಲಿಪ್ಪಿನ ಅಗಲ. ಅದೇ ಸುಮಾರು ಒಂದು ಸೆಂಟಿಮೀಟರ್ ಇದೆ. ಎಡ ಅಂಚು ಲೆಕ್ಕಕ್ಕೋ ಬಲ ಅಂಚೋ ಅಂತ ಜಗಳ ಶುರುವಾಯಿತು. ಕ್ಲಿಪ್ಪಿನ ಎರಡೂ ದವಡೆಗೆ ಕಾಗದದ ಚೂಪು ಮೂತಿ ಅಂಟಿಸಿದೆ. ಮುಂದಿನ ಮೂತಿ ಇಡುವುದಕ್ಕೆ, ಹಿಂದಿನದು ಓದುವುದಕ್ಕೆ.

ಪಟ್ಟಿ ತಪ್ಪು ಹೇಳಿದ ದಿನ

ಇದನ್ನು ಸ್ವಲ್ಪ ವಿವರವಾಗಿ ಬರೆಯಬೇಕು.

ಮಕ್ಕಳು ಬರುವ ಮೊದಲು ನಾನೇ ಎರಡು ಕಾರ್ಡ್ ಹಾಕಿ ನೋಡಿದ್ದೆ. 1/2, ಆಮೇಲೆ 5/10. ಎರಡೂ ಸರಿಯಾಗಿ ಬಂದವು. ಮಕ್ಕಳು ಕೂತರು. ಚಿಕ್ಕವಳಿಗೆ 1/4 ಬಂತು. ಅವಳು ಪಟ್ಟಿಯನ್ನು ಕಣ್ಣಲ್ಲೇ ಅರ್ಧ ಮಾಡಿದಳು. ಬೆರಳನ್ನು ಅರ್ಧದ ಮೇಲಿಟ್ಟು, ಅದರ ಎಡಭಾಗವನ್ನು ಮತ್ತೆ ಅರ್ಧ ಮಾಡಿ, ಅಲ್ಲಿ ಕ್ಲಿಪ್ ಸಿಕ್ಕಿಸಿದಳು. ನೋಡಿ ನನಗೆ ತುಂಬಾ ಖುಷಿಯಾಯಿತು. ಪಟ್ಟಿ ತಿರುಗಿಸಿದರು. ಮೂತಿ 3/4ರ ಮೇಲೆ ನಿಂತಿತ್ತು.

ಪಟ್ಟಿಯನ್ನು ಕ್ಯಾಲೆಂಡರ್ ಹಾಳೆಯ ಹಾಗೆ ಕೆಳಗಿನಿಂದ ಮೇಲಕ್ಕೆ ಮಗುಚಿದರೆ ಎಡ ಎಡಕ್ಕೇ ಉಳಿಯುತ್ತದೆ. ಪುಸ್ತಕದ ಹಾಳೆಯ ಹಾಗೆ ಪಕ್ಕಕ್ಕೆ ತಿರುಗಿಸಿದರೆ ಎಡ ಬಲವಾಗುತ್ತದೆ. ನಾನು ಪುಸ್ತಕದ ಲೆಕ್ಕದಲ್ಲಿ ಗೆರೆ ಎಳೆದು ಕ್ಯಾಲೆಂಡರ್ ಲೆಕ್ಕದಲ್ಲಿ ಅಂಟಿಸಿದ್ದೆ. ಹಿಂಬದಿಯ 0 ಮುಂಬದಿಯ 1ರ ಬೆನ್ನಿಗೆ ಬಂದಿತ್ತು. ಅರ್ಧ ಮಾತ್ರ ಹೇಗೆ ತಿರುಗಿಸಿದರೂ ಅರ್ಧವೇ ಅಲ್ವಾ? ನಾನು ಪರೀಕ್ಷೆಗೆ ತೆಗೆದದ್ದು ತಪ್ಪು ಕಾಣಿಸಲು ಸಾಧ್ಯವೇ ಇಲ್ಲದ ಕಾರ್ಡುಗಳನ್ನು.

ಅದು ನನಗೆ ಹೊಳೆಯುವುದಕ್ಕೆ ಇನ್ನೂ ಮೂರು ಸುತ್ತು ಬೇಕಾಯಿತು. ನಾನು ಮಾತಾಡಬಾರದು ಅಂತ ನಿಯಮ ಬೇರೆ. ಅಷ್ಟರಲ್ಲಿ ಆದದ್ದನ್ನು ನೋಡಿ. ಚಿಕ್ಕವಳು ಪಟ್ಟಿಯನ್ನು ನಂಬಿದಳು, ತನ್ನ ಬೆರಳನ್ನು ನಂಬಲಿಲ್ಲ. ಮುಂದೆ 1/3 ಬಂದಾಗ ಬಲಕ್ಕೆ ಇಟ್ಟಳು. 1/5 ಬಂದಾಗ ಇನ್ನೂ ಬಲಕ್ಕೆ ಇಟ್ಟಳು. ಎರಡು ಸಲವೂ ಗೆದ್ದಳು. ತಿರುಗುಮುರುಗಾದ ಪಟ್ಟಿಯಲ್ಲಿ 1/3 ಸಿಗುವುದು 40ರ ಹತ್ತಿರ, 1/4 45ರಲ್ಲಿ, 1/5 48ರಲ್ಲಿ. ಕೆಳಗಿನ ಅಂಕಿ ದೊಡ್ಡದಾದಷ್ಟೂ ಸಂಖ್ಯೆ ದೊಡ್ಡದು ಅಂತ ಮಕ್ಕಳು ಮಾಡುವ ತಪ್ಪಿದೆಯಲ್ಲ, ಆ ತಪ್ಪಿಗೆ ನನ್ನ ಪಟ್ಟಿ ಒಂದೊಂದೇ ಕಾರ್ಡ್ ಬಹುಮಾನ ಕೊಡುತ್ತಿತ್ತು. ಯಾವ ಗಂಟನ್ನು ಬಿಡಿಸಬೇಕು ಅಂತ ಹೊರಟಿದ್ದೆನೋ ಅದನ್ನೇ ಬಿಗಿ ಮಾಡುತ್ತಿತ್ತು.

ಆಟ ನಿಲ್ಲಿಸಿದೆ. ಮೂವರಿಗೂ ಪಟ್ಟಿ ತೋರಿಸಿ, ತಪ್ಪು ಎಲ್ಲಿದೆ ಹುಡುಕಿ ಅಂದೆ. ನಡುವಿನವಳು ಸ್ಕೇಲ್ ತಂದು ಅಳೆದು ಒಂದು ನಿಮಿಷದಲ್ಲಿ ಹಿಡಿದಳು. ಚಿಕ್ಕವಳು ಮಾತ್ರ ಸುಮ್ಮನೆ ಕೂತಿದ್ದಳು. ಆಮೇಲೆ ಮೆತ್ತಗೆ ಹೇಳಿದಳು: "ನಾನು ಮೊದಲು ಇಟ್ಟಿದ್ದೇ ಸರಿ ಇತ್ತು." ಹೌದು, ಸರಿ ಇತ್ತು ಅಂದೆ. ಆ 1/4 ಕಾರ್ಡನ್ನು ಅವಳಿಗೇ ಕೊಟ್ಟೆ.

ಗೆರೆಗಳನ್ನು ಮತ್ತೆ ಮುದ್ರಿಸಿದೆ. ಎ4 ಹಾಳೆಯ ಉದ್ದ 29.7 ಸೆಂಟಿಮೀಟರ್ ಆದ್ದರಿಂದ 20ರ ಮೂರು ತುಂಡು. ಪ್ರಿಂಟರ್ ಹಾಳೆಗೆ ಹೊಂದಿಸುವ ಆಯ್ಕೆಯಲ್ಲಿತ್ತು, 97%ಕ್ಕೆ ಕುಗ್ಗಿಸಿತು. ಒಂದೊಂದು ತುಂಡೂ 19.4 ಆಗಿ, ಒಟ್ಟು 58.2ಕ್ಕೆ ನಿಂತಿತು. 1ರ ಗೆರೆ ಅಂಚು ಮುಟ್ಟದೆ ಹೋದದ್ದರಿಂದ ಈ ಸಲ ಬೇಗ ಗೊತ್ತಾಯಿತು. ಇಂಥದ್ದು ಮಾಡುವವರು ನೂರಕ್ಕೆ ನೂರು ಅಳತೆಯಲ್ಲೇ ಮುದ್ರಿಸಿ, ಸ್ಕೇಲ್ ಇಟ್ಟು ನೋಡಿ, ಆಮೇಲೆ ಅಂಟು ಹಚ್ಚಿ. ಪರೀಕ್ಷೆಗೆ 1/12 ಮತ್ತು 4/5 ತೆಗೆದುಕೊಳ್ಳಿ. ಅರ್ಧ ಬೇಡ.

ಕ್ಲಿಪ್ ಪಕ್ಕ ಕ್ಲಿಪ್

ಪಟ್ಟಿ ಸರಿಯಾದ ಮೇಲೆ ಹೊಸ ತಕರಾರು. ಕೊನೆಗೆ ಇಡುವವರು ಮೊದಲು ಇಟ್ಟವರ ಕ್ಲಿಪ್ ನೋಡಿ ಅದರ ಪಕ್ಕಕ್ಕೇ ತಮ್ಮದನ್ನು ಒತ್ತುತ್ತಿದ್ದರು. ಇದು ನಕಲು, ತಪ್ಪಿಸಬೇಕು ಅಂದುಕೊಂಡೆ. ಒಬ್ಬೊಬ್ಬರಿಗೆ ಒಂದೊಂದು ಪಟ್ಟಿ ಮಾಡಿಕೊಟ್ಟೆ. ನಕಲು ನಿಂತಿತು, ಜೊತೆಗೆ ಮಾತೂ ನಿಂತಿತು. ಮೂವರೂ ತಲೆ ತಗ್ಗಿಸಿ ಕ್ಲಿಪ್ ಹಾಕಿದರು, ತಿರುಗಿಸಿದರು, ಮುಂದಿನ ಕಾರ್ಡ್. ಪರೀಕ್ಷೆಯ ಕೋಣೆಯ ಹಾಗಿತ್ತು.

ಹಿಂದಿನ ವಾರದ ನನ್ನ ಟಿಪ್ಪಣಿ ತೆಗೆದು ಓದಿದೆ. 3/5ರ ಕಾರ್ಡು. ದೊಡ್ಡವನು 32ರ ಹತ್ತಿರ ಇಟ್ಟಿದ್ದ. ಚಿಕ್ಕವಳು ಅದರ ಬಲಕ್ಕೆ ಅಂಟಿಕೊಂಡಂತೆ 34ಕ್ಕೆ ಇಟ್ಟು ಹೀಗೆ ಹೇಳಿದ್ದಳು: "ಅವನದು ಹತ್ತಿರ ಹತ್ತಿರ ಅರ್ಧದ ಮೇಲೇ ಇದೆ. ಐದರಲ್ಲಿ ಮೂರು ಅಂದ್ರೆ ಅರ್ಧಕ್ಕಿಂತ ಜಾಸ್ತಿ. ಹಾಗಾದ್ರೆ ಈ ಕಡೆದೆಲ್ಲ ನಂದು." ಸರಿಯಾದ ಜಾಗ 36. ಅವಳೇ ಗೆದ್ದಿದ್ದಳು.

ಇದು ನಕಲಲ್ಲ. 3/5ರ ಜಾಗ ನಿಖರವಾಗಿ ಗೊತ್ತಿಲ್ಲದಿದ್ದರೂ, ಎದುರಿಗಿರುವ ಜಾಗಕ್ಕಿಂತ ಅದು ದೊಡ್ಡದೋ ಚಿಕ್ಕದೋ ಅಂತ ಅವಳು ತೂಗಿ ನೋಡಿದ್ದಾಳೆ. ನಾನು ಪಾಠದಲ್ಲಿ ಹೋಲಿಕೆ ಅಂತ ಹೆಸರಿಟ್ಟು ಕಲಿಸಬೇಕು ಅಂದುಕೊಂಡದ್ದನ್ನು ಅವಳು ಗೆಲ್ಲುವ ಉಪಾಯವಾಗಿ ಕಂಡುಕೊಂಡಿದ್ದಳು. ಮುಚ್ಚಬೇಕು ಅಂತ ಹೊರಟಿದ್ದ ಕಿಂಡಿಯೇ ಆಟದ ಜೀವಾಳ. ಬೇರೆ ಬೇರೆ ಪಟ್ಟಿಗಳನ್ನು ಎತ್ತಿಟ್ಟು ಮತ್ತೆ ಒಂದೇ ಪಟ್ಟಿಗೆ ಬಂದೆ. ಮೊದಲು ಇಡುವವರಿಗೆ ಅನ್ಯಾಯವಾಗದಂತೆ ಪ್ರತಿ ಸುತ್ತಿಗೂ ಸರದಿ ಎಡಕ್ಕೆ ಜರುಗುತ್ತದೆ. ಮೊದಲಿಗರು ಎರಡು ಕಾರ್ಡ್ ಎತ್ತಿ ತಮಗೆ ಬೇಕಾದ ಒಂದನ್ನು ಆರಿಸಬಹುದು. ದೊಡ್ಡವನು ಯಾವಾಗಲೂ ಅರ್ಧಕ್ಕೋ ತುದಿಗೋ ಹತ್ತಿರವಾದದ್ದನ್ನೇ ಆರಿಸಿದ. 11/12 ಮತ್ತು 2/5 ಬಂದರೆ ಕಣ್ಣು ಮುಚ್ಚಿ 11/12. ಈ ಆಯ್ಕೆಯಲ್ಲೂ ಅಂದಾಜು ಕೆಲಸ ಮಾಡುತ್ತಿದೆ ನೋಡಿ.

ಇನ್ನೊಂದು ನಿಯಮ ಸೇರಿಸಿದೆ. ಕ್ಲಿಪ್ ಇಡುವಾಗ ಭಿನ್ನರಾಶಿಯ ಹೆಸರು ಗಟ್ಟಿಯಾಗಿ ಹೇಳಬೇಕು. ಇದರ ಹಿಂದೆ ಎಲಿಡಾ ಲಾಸ್ಕಿ ಮತ್ತು ಸೀಗ್ಲರ್ 2014ರಲ್ಲಿ ಬರೆದದ್ದಿದೆ. ನೂರು ಮನೆಯ ಹಾಸಿನಲ್ಲಿ 25ರಿಂದ ಎರಡು ಹೆಜ್ಜೆ ಹೋಗುವಾಗ "26, 27" ಅಂತ ಹೇಳಿಕೊಂಡು ಹೋದ ಮಕ್ಕಳು ಕಲಿತರು. "ಒಂದು, ಎರಡು" ಅಂತ ಹೇಳಿದವರಿಗೆ ಅಷ್ಟು ಪ್ರಯೋಜನ ಆಗಲಿಲ್ಲ. ಅದೇ ಹಾಸು, ಅದೇ ಹೆಜ್ಜೆ. ಬಾಯಲ್ಲಿ ಬಂದ ಮಾತು ಮಾತ್ರ ಬೇರೆ. ಮಗುವಿನ ಗಮನ ಎಲ್ಲಿ ಬೀಳುತ್ತದೆ ಅನ್ನುವುದನ್ನು ಆ ಮಾತು ತೀರ್ಮಾನಿಸಿತು.

ಹೆಸರು ಹೇಳುವ ನಿಯಮದಿಂದ ನಾನು ಎಣಿಸದ ಒಂದು ಲಾಭವೂ ಆಯಿತು. ನಡುವಿನವಳು 3/4 ಎತ್ತಿ "ನಾಲ್ಕನೇ ಮೂರು" ಅಂದಳು. ಚಿಕ್ಕವಳು ತಟ್ಟನೆ "ಮುಕ್ಕಾಲು!" ಅಂದಳು. ಮೂವರೂ ಒಂದು ಕ್ಷಣ ಸುಮ್ಮನಾದರು. ಮುಕ್ಕಾಲು ಅಂದರೆ ಮೂರು ಕಾಲು. ದಿನಾ ಆಡುವ ಮಾತಿನೊಳಗೇ ಅಂಶ, ಛೇದ ಎರಡೂ ಕೂತಿದ್ದವು. ಅವತ್ತಿನಿಂದ ಹೆಸರು ಯಾವುದಾದರೂ ಸರಿ, ಆದರೆ ಹೇಳಲೇಬೇಕು. ಪಟ್ಟಿಯ ಹಿಂಬದಿಯಲ್ಲಿ 30ರ ಗೆರೆಯ ಮೇಲೆ 1/2, 2/4, 3/6, 5/10, 6/12 ಒಂದರ ಕೆಳಗೊಂದು ನಿಂತಿವೆ. ಅವಕ್ಕೆ ಮಕ್ಕಳು "ಒಂದೇ ಮನೆಯವರು" ಅಂತ ಹೆಸರಿಟ್ಟರು.

ಒಂದರ ಆಚೆ

ಈಗ ಚಿಕ್ಕವಳು 1/5 ಬಂದರೆ 11-13ರ ನಡುವೆ ಇಡುತ್ತಾಳೆ, ಬೆರಳಿನ ಸಹಾಯ ಇಲ್ಲದೆ. ಮೂರು ಮಕ್ಕಳನ್ನು ನೋಡಿ ದೊಡ್ಡ ಮಾತು ಆಡಬಾರದು, ಶಾಲೆಯಲ್ಲೂ ಪಾಠ ನಡೆಯುತ್ತಲೇ ಇರುತ್ತದೆ. ಆದರೆ ಅವಳ ಕೈ ಪಟ್ಟಿಯ ಬಲಗಡೆಗೆ ಹೋಗುವುದು ನಿಂತಿದೆ.

ಕಳೆದ ವಾರ ಇನ್ನೊಂದು 60ರ ಪಟ್ಟಿ ಮಾಡಿ ಮೊದಲನೆಯದಕ್ಕೆ ಜೋಡಿಸಿದೆ. ಭಿನ್ನರಾಶಿ ಅಂದರೆ ಒಂದಕ್ಕಿಂತ ಚಿಕ್ಕದೇ ಅಂತ ಮೂವರೂ ನಂಬಿದ್ದರು. ನನ್ನ ಪಟ್ಟಿಯೂ 1ಕ್ಕೆ ನಿಂತು ಅದನ್ನೇ ಹೇಳುತ್ತಿತ್ತು. ಹೊಸ ಕಾರ್ಡುಗಳಲ್ಲಿ 5/4, 3/2, 7/6 ಇವೆ. 5/4 ಬಂದಾಗ ದೊಡ್ಡವನು ಇದು ತಪ್ಪು ಕಾರ್ಡ್ ಅಂದ. ಚಿಕ್ಕವಳು ಬೆರಳು ಮಡಚಿ "ಒಂದು ಕಾಲು, ಎರಡು ಕಾಲು, ಮುಕ್ಕಾಲು, ಒಂದು..." ಅಂತ ಎಣಿಸುತ್ತಾ ಹೋದಳು. ಐದನೇ ಬೆರಳಿಗೆ ಬಂದು "ಒಂದೂಕಾಲು!" ಅಂತ ಕೂಗಿ ಎರಡನೇ ಪಟ್ಟಿಯ ಮೇಲೆ ಕ್ಲಿಪ್ ಹಾಕಿದಳು.

ಉಳಿದ ಕೆಲಸ ಕೀಲಿನದು. ಎರಡು ಪಟ್ಟಿ ಸೇರುವಲ್ಲಿ 2 ಮಿಲಿಮೀಟರ್ ಸಂದು ಬಿದ್ದಿದೆ. ಒಂದು ಅನ್ನುವ ಸಂಖ್ಯೆ ಸರಿಯಾಗಿ ಆ ಸಂದಿನಲ್ಲಿದೆ. "1 ಯಾವ ಪಟ್ಟಿಗೆ ಸೇರಿದ್ದು?" ಅಂತ ನಡುವಿನವಳು ಕೇಳಿದಳು. ಎರಡು ಅಂಚನ್ನೂ ಒಂದೊಂದು ಮಿಲಿಮೀಟರ್ ಸವರಿ, ಮೇಲೊಂದು ಬಟ್ಟೆಯ ಪಟ್ಟಿ ಅಂಟಿಸಿ, 1ರ ಗೆರೆಯನ್ನು ಆ ಬಟ್ಟೆಯ ನಟ್ಟನಡುವೆ ಎಳೆದಿದ್ದೇನೆ. ಅಂಟು ಒಣಗಲು ಬಿಟ್ಟಿದ್ದೇನೆ. ನಾಳೆ ಸಂಜೆ ಮಕ್ಕಳು ಬರುತ್ತಾರೆ.